ನೆಂಟರ ಪಾಲು

ಪ್ರೀತಿಯ ತಂಗಿಗೆ ಸಲಾಂ,

ಹಬ್ಬದ ಕುರ್ಬಾನಿ ಮುಗಿಯಿತು. ಅಪ್ಪ ಕಲಿಸಿದಂತೆ, ಬೇರೆ ಕುರಿಗಳ ಕಣ್ಣಿಗೆ ಬೀಳದ ಹಾಗೆ ಟಗರನ್ನು ಮರೆಗೆ ಕರೆದೊಯ್ದೆ. ಮಾಂಸವನ್ನು ಮೂರು ಪಾಲು ಮಾಡಿದೆ. ಬಡವರ ಪಾಲು ಮಧ್ಯಾಹ್ನದೊಳಗೇ ಹಂಚಿಹೋಯಿತು. ನನ್ನ ಪಾಲಿನಲ್ಲಿ ಒಂದಿಷ್ಟು ಬೇಯಿಸಿ ಉಂಡೆ. ಉಪ್ಪು ಜಾಸ್ತಿಯಾಗಿತ್ತು, ಬೈಯಲು ಯಾರೂ ಇರಲಿಲ್ಲ.

ನೆಂಟರ ಪಾಲು ಫ್ರಿಜ್ಜಿನಲ್ಲಿದೆ. "ನಿಮ್ಮ ಮನೆಗೆ ಯಾರೂ ಬರಲ್ವಲ್ಲ, ಅದನ್ನೂ ಹಂಚಿಬಿಡಿ" ಎಂದರು ಪಕ್ಕದ ಮನೆಯ ದರ್ಜಿ.

"ಹಂಚೋಕೆ ಅದು ನನ್ನದಲ್ಲ, ನನ್ನ ತಂಗೀದು" ಎಂದೆ.

ಅಮ್ಮ ತೀರಿಕೊಂಡಾಗ ಶುರುವಾದ ಜಗಳ ಇನ್ನೂ ಬಾಕಿಯಿದ್ದರೆ, ಬಂದು ಆಡಿ ಮುಗಿಸು. ಬರುವಾಗ ದೊಡ್ಡದೊಂದು ಡಬ್ಬಿ ತಾ. ಈ ಮನೆಯಲ್ಲಿ ಉಳಿದಿರುವ ಡಬ್ಬಿಗಳೆಲ್ಲ ಒಬ್ಬನಿಗೆ ಸಾಕಾಗುವಷ್ಟೇ.

ದಾರಿ ಕಾಯುತ್ತಿರುವ
ನಿನ್ನ ಅಣ್ಣ