ಪಟ್ಟಿಯಲ್ಲಿ ಉಳಿದ ಹೆಸರು

ಅಪ್ಪಾ,

ಮೂರು ದಿನದಿಂದ ಒಂದೇ ಕನಸು. ನೀನು ಓಟಿನ ಸಾಲಿನಲ್ಲಿ ಮಳೆಗೆ ನೆನೆಯುತ್ತಾ ನಿಂತಿರುತ್ತೀಯ. ಕಾರಣವಿದೆ. ಓಟಿನ ದಿನ ಮತಗಟ್ಟೆಯಲ್ಲಿ ಪಟ್ಟಿ ನೋಡಿದ ಮೇಷ್ಟ್ರು, "ನಿಮ್ಮಪ್ಪ ಈ ಮಳೇಲೂ ಏಳಕ್ಕೇ ಬಂದು ಓಟು ಹಾಕಿ ಹೋದ್ರು. ನೀನು ಎದ್ದು ಬರೋ ಹೊತ್ತೇನಮ್ಮಾ ಇದು?" ಎಂದು ನಕ್ಕರು. ನೀನು ತೀರಿಕೊಂಡು ವರ್ಷವಾಯಿತು ಎನ್ನದೆ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದೆ. ಹೆಸರು ತೆಗೆಸಲು ಅರ್ಜಿ ಕೊಡಬೇಕಿದ್ದವಳು ನಾನೇ. ಕೊಟ್ಟಿರಲಿಲ್ಲ.

ಇವತ್ತು ಫಲಿತಾಂಶ ಬಂತು. ಯಾರ ದನಿ ಕೇಳಿದರೆ ನೀನು ರೇಡಿಯೋ ಆರಿಸುತ್ತಿದ್ದೆಯೋ ಅವನೇ ಗೆದ್ದಿದ್ದಾನೆ, ಮೂರೇ ಓಟಿನಿಂದ. ನಿನ್ನ ಹೆಸರಿನದೂ ಅದರಲ್ಲಿ ಒಂದೇನೋ.

ಈಗ ಅರ್ಜಿ ತುಂಬುತ್ತಿದ್ದೇನೆ. ತೀರಿಕೊಂಡ ತಾರೀಕು ಹನ್ನೆರಡು ಎಂದು ಬರೆದಿದ್ದೇನೆ. ತಪ್ಪಿದ್ದರೆ ಅರ್ಜಿ ವಾಪಸು ಕಳಿಸುತ್ತಾರಂತೆ. ಒಂದು ಸಲ ನೋಡಿ ಹೇಳಪ್ಪಾ, ಹನ್ನೆರಡೇ ತಾನೇ?