ಗೆರೆ ಇರುವ ಬದಿ

ಜೂನ್ 9, ಸೋಮವಾರ. ಮಧ್ಯಾಹ್ನ 3

ಏಳನೆಯ ಆಟಿಕೆ ರೈಲಿಗೂ ಕೆಪಾಸಿಟರ್ ಕೂರಿಸಿದೆ. ಇದು ನಮ್ಮ ಟೇಬಲ್ ಮೇಲೇ ಉಳಿಯುವ ಇಂಜಿನ್, ಬಂದವರಿಗೆ ಓಡಿಸಿ ತೋರಿಸಲು. ಮೊದಲಿನ ಆರು ಹೋದ ವಾರವೇ ಗಿರಾಕಿಗಳ ಮನೆ ಸೇರಿದವು. ಹಳಿಯ ಮೇಲೆ ಬೇಕೆಂದೇ ಚೂರು ಟೇಪ್ ಅಂಟಿಸಿ ನೋಡಿದೆ. ಅಲ್ಲಿ ಕರೆಂಟ್ ಸಿಗುವುದಿಲ್ಲ. ಮುಂಚೆ ಮುಗ್ಗರಿಸಿ ನಿಲ್ಲುತ್ತಿತ್ತು. ಇವತ್ತು ಏನೂ ಆಗದ ಹಾಗೆ ದಾಟಿಹೋಯಿತು. ಕೆಪಾಸಿಟರ್ ಒಂದು ಗುಟುಕು ಕರೆಂಟ್ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ, ಅಷ್ಟೆ. ಆದರೂ ನೋಡಲು ಖುಷಿ.

ದುಂಡನೆಯ ಕೆಪಾಸಿಟರ್ ಈ ಸಲ ಸಿಗಲಿಲ್ಲ. ಚಪ್ಪಟೆಯ ಹಳದಿ ಚಿಪ್ ತಂದೆ — ಟ್ಯಾಂಟಲಮ್. ನಾಲ್ಕು ಸೇರಿಸಿದರೂ ಕ್ಯಾಬಿನ್ನಿನ ಸೂರಿನಡಿ ಅಡಗುತ್ತದೆ. ಹಿಂದೆಯೇ ಯಾಕೆ ಹೊಳೆಯಲಿಲ್ಲವೋ.

ಪಕ್ಕದ ಕೋಣೆಯಲ್ಲಿ ಇಸ್ಮತ್ ಆಪಾ ಲೇತಿನಲ್ಲಿ ಮುಂದಿನ ಇಂಜಿನ್‌ಗಳಿಗೆ ಆಲೆ ಮರದ ಬಾಡಿ ಕಡೆಯುತ್ತಿದ್ದಾರೆ. ಅದರ ಮೇಲೆ ಕೆಂಪು ಅರಗಿನ ಬಣ್ಣ. ಮನೆಯೆಲ್ಲ ಅದೇ ವಾಸನೆ.

ಜೂನ್ 10, ಮಂಗಳವಾರ. ಬೆಳಗ್ಗೆ 11.20

ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ಇಂಜಿನ್ನನ್ನು ಅದರ ಪಾಡಿಗೆ ಓಡಲು ಬಿಟ್ಟು ಪಾರ್ಸಲ್ ಕಟ್ಟುತ್ತಿದ್ದೆ. ಅರಗಿನ ವಾಸನೆ ಬಂತು. ಈ ಮನೆಯಲ್ಲಿ ಅದು ಬರದ ದಿನ ಯಾವುದು? ತಲೆ ಎತ್ತಲಿಲ್ಲ. ಇಸ್ಮತ್ ಆಪಾ ಲೇತ್ ನಿಲ್ಲಿಸಿ ಬಾಗಿಲಿಗೆ ಬಂದರು.

"ಇದು ನನ್ ಲೇತಿಂದಲ್ಲ ಕಣಮ್ಮ. ನಂದು ಕರಗೋ ವಾಸ್ನೆ. ಇದು ಸುಡೋ ವಾಸ್ನೆ."

ತಿರುಗುವುದರೊಳಗೆ ಪಟ್ ಎಂದಿತು. ಇಂಜಿನ್ನಿನ ಸೂರಿನ ಮೇಲೆ ಹೆಬ್ಬೆರಳಿನಷ್ಟು ಬೆಂಕಿ. ನಾನು ಪ್ಲಗ್ ಕಿತ್ತೆ. ಆಪಾ ಒದ್ದೆ ಗೋಣಿ ಹಾಕಿದರು. ಎರಡು ನಿಮಿಷದ ಕೆಲಸ. ಆಮೇಲೆ ಇಬ್ಬರೂ ನೆಲದ ಮೇಲೆ ಕೂತೆವು.

ಮಧ್ಯಾಹ್ನ 1

ಬಿಚ್ಚಿ ನೋಡಿದೆ. ದುಂಡನೆಯ ಕೆಪಾಸಿಟರ್‌ನಲ್ಲಿ ಗೆರೆ ಇರುವ ಬದಿ ಮೈನಸ್. ಎಂಟು ವರ್ಷದಿಂದ ಬೇರೆ ಕೆಲಸಗಳಲ್ಲಿ ಅದನ್ನೇ ಬೆಸೆದು ಕೈಗೆ ಅದೇ ಅಭ್ಯಾಸ. ಹಳದಿಯದರಲ್ಲಿ ಗೆರೆ ಇರುವ ಬದಿ ಪ್ಲಸ್. ಡೇಟಾಶೀಟಿನ ಮೊದಲ ಪುಟದಲ್ಲೇ ಇದೆ. ಓದಲು ಬಾರದವಳಲ್ಲ. ಓದಲಿಲ್ಲ.

ಏಳರಲ್ಲೂ ಅದಲುಬದಲು. ಒಂದೊಂದನ್ನೂ ಹತ್ತು ನಿಮಿಷ ಓಡಿಸಿಯೇ ಕಳಿಸಿದ್ದೆ. ತಿರುಗಿಸಿ ಹಾಕಿದರೂ ಸ್ವಲ್ಪ ಕಾಲ ತಡೆದು, ಆಮೇಲೆ ಕಾದು ಹೊತ್ತಿಕೊಳ್ಳುತ್ತವಂತೆ. ಎಷ್ಟು ಕಾಲ ಎಂದು ಯಾರೂ ಹೇಳುವುದಿಲ್ಲ. ಒಳಗೆ ಕಿಡಿ, ಹೊರಗೆ ಆಲೆ ಮರ, ಅದರ ಮೇಲೆ ಅರಗು. ಹಣತೆ ಮಾಡಿ ಮಾರಿದ್ದೇನೆ.

ಆರು ಮನೆ. ಅದರಲ್ಲಿ ಒಂದು ಲಿಂಗಯ್ಯನವರದು, ದೊಡ್ಡಆಲಹಳ್ಳಿಯಲ್ಲಿ. ರಿಟೈರ್ಡ್ ಇಂಜಿನ್ ಡ್ರೈವರ್. ಶ್ವಾಸಕೋಶ ಕೆಟ್ಟಿದೆ, ಮೂಗಿಗೆ ಯಾವಾಗಲೂ ಆಕ್ಸಿಜನ್ ಟ್ಯೂಬ್. ಹಳಿ ಹಾಕಿಸಿಕೊಂಡಿರುವುದು ಮಂಚದ ಸುತ್ತ. ತಮ್ಮ ಇಂಜಿನ್ ಹಳಿಯ ಜಾಯಿಂಟ್ ಜಾಯಿಂಟಿಗೂ ನಿಲ್ಲುತ್ತದೆ, ಸರ್ವಿಸಿನಲ್ಲಿ ಒಂದು ದಿನವೂ ತಾವು ಹಾಗೆ ಗಾಡಿ ನಿಲ್ಲಿಸಿದವರಲ್ಲ ಎಂದು ಬೈದು ವಾಪಸ್ ಕಳಿಸಿದ್ದರು. ಅವರಿಗಾಗಿಯೇ ನಾನು ಈ ಕೆಪಾಸಿಟರ್ ಕೆಲಸಕ್ಕೆ ಕೈ ಹಾಕಿದ್ದು.

ಆಕ್ಸಿಜನ್. ಕಿಡಿ. ಇದರ ಮುಂದೆ ಬರೆಯಲಾರೆ.

3.30

ಆರು ಮನೆಗೂ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಮಾತು — ಚಿಕ್ಕದೊಂದು ಸರ್ವಿಸ್ ಇದೆ, ವಾಪಸ್ ಬೇಕು, ಗಾಬರಿ ಏನಿಲ್ಲ. ಬೆಂಕಿ ಎಂಬ ಪದ ಬಾಯಿಂದ ಹೊರಡಲಿಲ್ಲ. ಐದು ಜನ ಕೊರಿಯರ್ ಮಾಡುತ್ತೇವೆ ಎಂದರು. ಲಿಂಗಯ್ಯನವರ ಸೊಸೆ ರಾಧಾಮಣಿ, ಮಾವನಿಗೆ ಹೇಳುತ್ತೇನೆ ಬಿಡಿ ಎಂದಳು. ಶನಿವಾರ ನಾನೇ ಬಂದು ಒಯ್ಯುತ್ತೇನೆ ಎಂದೆ.

ಅಲ್ಲಿಯವರೆಗೆ ಓಡಿಸಬೇಡಿ ಎಂದು ಯಾಕೆ ಹೇಳಲಿಲ್ಲ? ಕಾಯಿಲೆಯವರನ್ನು ಹೆದರಿಸಬಾರದು ಅಂತ... ಹೆದರಿಕೆ ಯಾರದ್ದು?

ಜೂನ್ 13, ಶುಕ್ರವಾರ. ಬೆಳಗ್ಗೆ 10.15

ಒಂದು ಪಾರ್ಸಲ್ಲೂ ಬಂದಿಲ್ಲ. ತಡೆಯಲಾಗದೆ ರಾಧಾಮಣಿಗೆ ಫೋನ್ ಮಾಡಿದೆ. ಇಂಜಿನ್ ಎತ್ತಿಟ್ಟಿದ್ದೀರಾ ಎಂದು ಕೇಳಿದೆ.

"ಎಲ್ಲಿ ಮೇಡಂ. ನೀವು ಸರ್ವಿಸ್ ಅಂದಾಗಿಂದ ಮಾವ ದಿನಾ ಗಂಟೆಗಟ್ಲೆ ಓಡುಸ್ತಾನೇ ಅವ್ರೆ."

ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ. ನಾಲ್ಕು ಸಲ. ಔಟ್ ಆಫ್ ಕವರೇಜ್.

ಸ್ಕೂಟರ್ ತೆಗೆಯುತ್ತಿದ್ದೇನೆ.

1.40. ದೊಡ್ಡಆಲಹಳ್ಳಿ

ಲಿಂಗಯ್ಯನವರ ಜಗಲಿ. ರಾಧಾಮಣಿ ಮಜ್ಜಿಗೆ ತರಲು ಒಳಗೆ ಹೋಗಿದ್ದಾಳೆ.

ಹರಕೆ ಹೊರುವವಳಲ್ಲ ನಾನು. ಆದರೂ ಸಾತನೂರು ದಾಟಿದ ಮೇಲೆ, ಕಬ್ಬಾಳಿನ ಬೆಟ್ಟ ಕಂಡಾಗ, ಅಲ್ಲಿಯ ದೇವಿಯನ್ನು ಕೇಳಿಯೇಬಿಟ್ಟೆ — ನಾನು ತಲುಪುವ ತನಕ ಕಾಪಾಡು, ಅಷ್ಟೇ. ಬೀದಿಗೇ ಆಕ್ಸಿಜನ್ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಅದರ ಕೆಳಗೆ ಚಕ್ರದ ಸದ್ದು. ಚಪ್ಪಲಿ ಬಿಡದೆ ನುಗ್ಗಿದೆ. ಇಂಜಿನ್ ಮಂಚದ ಕಾಲು ಸುತ್ತುತ್ತಿತ್ತು. ಟ್ಯೂಬಿನ ಒಂದು ಮಡಿಕೆ ಹಾಸಿಗೆಯಿಂದ ಜೋತುಬಿದ್ದು ಹಳಿಯ ಪಕ್ಕದಲ್ಲೇ ಇತ್ತು. ಪ್ಲಗ್ ಕಿತ್ತೆ.

"ಯಾಕವ್ವ, ಸಿಗ್ನಲ್ ಕೊಡ್ದೆ ನಿಲ್ಲುಸ್ಬುಟ್ಟೆ?" ಲಿಂಗಯ್ಯನವರು ನಕ್ಕರು. ನಗು ಕೆಮ್ಮಾಯಿತು.

ಇಂಜಿನ್ನಿನ ಸೂರು ಮುಟ್ಟಿದೆ. ಅರಗು ಮೆತ್ತಗಾಗಿತ್ತು. ನನ್ನ ಬೆರಳಿನ ಗುರುತು ಅದರ ಮೇಲೆ ಉಳಿಯಿತು.

ಇಷ್ಟೊಂದು ಯಾಕೆ ಓಡಿಸಿದಿರಿ ಎಂದು ಕೇಳಿದೆ. ದನಿ ಏರಿತ್ತು ಅನ್ನಿಸುತ್ತದೆ.

"ಶೆಡ್ಡಿಗೆ ಬುಡೋಕ್ ಮುಂಚೆ ಏನ್ ಕೆಟ್ಟೈತೆ ಅಂತ ಬುಕ್ಕಲ್ಲಿ ಬರೀಬೇಕು ಕಣವ್ವ. ಅದು ಡ್ರೈವರ್ ಕೆಲ್ಸ. ನೀನು ಸರ್ವಿಸ್ ಅಂದೆ, ಏನು ಅಂತ ಹೇಳ್ಲಿಲ್ಲ. ನಾನೇ ಹುಡುಕ್ತಿದ್ದೆ."

ದಿಂಬಿನಡಿಯಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ನಡುಗುವ ಅಕ್ಷರ. ಬುಧವಾರ, ಎರಡು ಗಂಟೆ ಓಟ, ದೋಷ ಇಲ್ಲ. ಗುರುವಾರ, ಐದು ಗಂಟೆ, ದೋಷ ಇಲ್ಲ, ಓಟ ಬಹಳ ನಯ. ಇವತ್ತಿನದು — "ಸೂರು ಬಿಸಿ. ಒಸಿ ಅರಗಿನ ವಾಸನೆ. ಎಲ್ಲಿಂದ ಅಂತ ತಿಳಿಯಲಿಲ್ಲ. ಇನ್ನೂ ಹೊತ್ತು ಓಡಿಸಿ ನೋಡಬೇಕು."

ಹೇಳಿದೆ. ಎಲ್ಲ. ನಮ್ಮ ಟೇಬಲ್ ಮೇಲೆ ಎದ್ದ ಬೆಂಕಿಯನ್ನೂ. ಅವರು ಪೆನ್ನು ಚಾಚಿದರು.

"ಬರಿ. ಸಣ್ಣದು ಮಾಡಿ ಬರೀಬ್ಯಾಡ."

ಬರೆದೆ: ಕೆಪಾಸಿಟರ್ ಪ್ಲಸ್ ಮೈನಸ್ ಅದಲುಬದಲಾಗಿದೆ. ಬೆಂಕಿ ಹತ್ತಬಹುದು. ಓಡಿಸಬಾರದು. ತಪ್ಪು ನನ್ನದು. ಸುಚಿತ್ರಾ.

ಕಣ್ಣಿನ ಹತ್ತಿರ ಹಿಡಿದು ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೂ ಎಷ್ಟು ಗಾಡಿ ಅವೆ, ಲೈನ್ ಮ್ಯಾಲೆ?"

2.10

ಐದು. ಐದಕ್ಕೂ ನಾನು ಹೇಳಿರುವುದು ಸರ್ವಿಸ್. ಗಾಬರಿ ಏನಿಲ್ಲ.

ಬೀದಿಯ ತುದಿಯ ಹುಣಸೆ ಮರದಡಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಸ್ಕೂಟರ್ ಸೀಟಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಲಿಂಗಯ್ಯನವರು ಆ ಹಾಳೆ ಹರಿದು ಕೊಟ್ಟಿದ್ದಾರೆ. ಅದನ್ನೇ ಓದಿಬಿಡಬೇಕು, ಬೇರೆ ಮಾತು ಸೇರಿಸದೆ. ಮೊದಲು ಮಾಗಡಿಯ ಶಾಲಿನಿ. ಇಬ್ಬರು ಚಿಕ್ಕ ಹೆಣ್ಣುಮಕ್ಕಳ ಮನೆ.

ಎತ್ತಲಿಲ್ಲ.

ಮತ್ತೆ. ಸ್ಪೀಕರ್ ಹಾಕಿದ್ದೇನೆ. ರಿಂಗ್ ಆಗುತ್ತಿದೆ.

ಮಗು ಎತ್ತಿತು. ಅಮ್ಮ ಮಹಡಿ ಮೇಲೆ ಬಟ್ಟೆ ಒಣಗಿಸುತ್ತಿದ್ದಾಳೆ, ಕರೆಯುತ್ತೇನೆ ಎಂದು ಹೋಯಿತು. ಇಂಜಿನ್ ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಹೋಗಿಬಿಟ್ಟಿತು. ಪುಟ್ಟೀ ಎಂದು ಕೂಗಿದೆ. ಯಾರೂ ಇಲ್ಲ. ಫೋನ್ ನೆಲದ ಮೇಲೇ ಇಟ್ಟಿರಬೇಕು. ಚಕ್ರದ ಸದ್ದು ಕೇಳುತ್ತಿದೆ. ಹತ್ತಿರ ಬಂತು, ದೂರ ಹೋಯಿತು. ಮತ್ತೆ ಹತ್ತಿರ. ಎಲ್ಲೂ ಮುಗ್ಗರಿಸದೆ, ಬಹಳ ನಯವಾಗಿ —