ಟವೆಲ್ ಹೊದ್ದು ಬೆಂಚಿನ ಮೇಲೆ ಕೂತವಳಿಗೆ, ತುಳಿಗಾಳಿಯ ಊರಿನಿಂದ

ಕೆಳಹಟ್ಟಿ ನೆರಳೂರು, ಎರಡನೇ ಅಂತಸ್ತು
ಮೇ ೪೩, ೨೧೯೧

ಪ್ರೀತಿಯ ಸಂಯುಕ್ತಾ,

ತಾರೀಕು ನೋಡಿ ಗಾಬರಿಯಾಗಬೇಡ. ನಿನ್ನ ಕಾಲದಲ್ಲಿ ಮೇ ತಿಂಗಳು ಮೂವತ್ತೊಂದಕ್ಕೆ ಮುಗಿದುಹೋಗುತ್ತಿತ್ತಂತೆ. ನಮ್ಮಲ್ಲಿ ಮೊದಲ ಮಳೆ ನೆಲ ಮುಟ್ಟುವವರೆಗೆ ಮೇ ಮುಗಿಯುವುದಿಲ್ಲ. ಮಳೆ ಬಿದ್ದ ದಿನಕ್ಕೇ ಜೂನ್ ಒಂದು ಎಂದು ಹೆಸರು. ನನ್ನ ಮದುವೆ ಆದದ್ದು ಈ ಮೇ ತಿಂಗಳಲ್ಲೇ, ಆದ್ದರಿಂದ ಇದು ಎಷ್ಟು ಉದ್ದ ಬೆಳೆದರೂ ನನಗೆ ಸಂತೋಷವೇ. ನನ್ನ ಭಾಷೆಗೂ ಕ್ಷಮೆ ಇರಲಿ. ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ, ಬೆಳೆದದ್ದು ಕಾರವಾರದ ಕಡಲಿನ ಮೇಲೆ, ಈಗ ದಿನವಿಡೀ ಕಿವಿಗೆ ಬೀಳುತ್ತಿರುವುದು ರಾಯಚೂರು ಸೀಮೆಯ ಕನ್ನಡ. ನಿನಗೆ ಗೊತ್ತಿರದ ಕೆಲವು ಪದಗಳೂ ಬರುತ್ತವೆ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೂ ನಿನ್ನನ್ನು ಬಹುವಚನದಲ್ಲಿ ಕರೆಯಲು ಬಾಯಿ ಬರುತ್ತಿಲ್ಲ, ಯಾಕೆಂದರೆ ನನ್ನ ಬಳಿ ಇರುವ ಒಂದೇ ಫೋಟೋದಲ್ಲಿ ನೀನು ನನಗಿಂತ ಚಿಕ್ಕವಳು.

ಈ ಪತ್ರಕ್ಕೆ ಆಳಪತ್ರ ಎನ್ನುತ್ತಾರೆ. ಕೆಳಹಟ್ಟಿಗೆ ಮದುವೆಯಾಗಿ ಬಂದ ಹೆಣ್ಣು, ತವರಿನಲ್ಲಿ ತಾನು ಕಣ್ಣಾರೆ ಕಾಣದ ಹಿರಿಯರೊಬ್ಬರಿಗೆ ಒಂದು ಪತ್ರ ಬರೆದು, ನೀರು ತುಂಬಿದ ಹಳೆಯ ಗಣಿಬಾವಿಗೆ ಇಳಿಬಿಡಬೇಕು. ಅದು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಸುಖವಾಗಿದ್ದೇನೆ, ಹರಸಿ ಎಂದು ಎರಡು ಸಾಲು ಗೀಚಿದರೆ ಸಾಕಂತೆ. ನಾನು ಹಾಳೆ ಮೇಲೆ ಹಾಳೆ ತೆಗೆಯುವುದನ್ನು ಕಂಡು ಅತ್ತೆ ನೀಲಮ್ಮ, ಸೊಸೆ ಬಾವಿಯನ್ನೇ ಹೂಳುವಂತೆ ಕಾಣುತ್ತದೆ ಎಂದು ಪಕ್ಕದ ಮನೆಯವರಿಗೆ ಹೇಳಿಬಂದರು.

ಎರಡು ಸಾಲಿನಲ್ಲಿ ಮುಗಿಸುವುದು ಹೇಗೆ? ಆ ಫೋಟೋದಲ್ಲಿ ನೀನು ಹದಿನಾಲ್ಕನೇ ನಂಬರಿನ ಜೆರ್ಸಿ ತೊಟ್ಟು, ತಲೆಯ ಮೇಲೆ ಟವೆಲ್ ಹೊದ್ದು, ಬಯಲು ಕೋರ್ಟಿನ ಬೆಂಚಿನ ಮೇಲೆ ಕೂತಿದ್ದೀಯ. ನಿನ್ನ ಹಿಂದೆ ಬ್ಯಾಸ್ಕೆಟ್‌ಬಾಲ್ ಬುಟ್ಟಿ. ಮುಖದಲ್ಲಿ ಸಿಟ್ಟು. ನೀನು ತುಂಬ ಚೆನ್ನಾಗಿ ಆಡುತ್ತಿದ್ದೆ, ಆದರೆ ಒಂದು ದಿನ ಆಡಿದಂತೆ ಇನ್ನೊಂದು ದಿನ ಆಡುತ್ತಿರಲಿಲ್ಲ, ಅದಕ್ಕೇ ನಿನ್ನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು ಎಂಬಷ್ಟು ಕಥೆ ನಮ್ಮ ಮನೆಯಲ್ಲಿ ಉಳಿದುಬಂದಿದೆ. ಮುಂದಿನದು ಯಾರಿಗೂ ಗೊತ್ತಿಲ್ಲ. ಈಗ ನನ್ನ ಗಂಡನಾಗಿರುವ ಹುಲಿಗೇಶ ನನ್ನನ್ನು ನೋಡಲು ಬಂದ ದಿನ ಎಲ್ಲರೂ ನನ್ನನ್ನು ನೋಡುತ್ತಿದ್ದರೆ, ಅವನು ಗೋಡೆಯ ಮೇಲಿದ್ದ ನಿನ್ನನ್ನು ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ್ದು ಒಂದೇ ಮಾತು.

"ಇವ್ರನ್ನ ಆಮ್ಯಾಲ ಆಡಾಕ ಇಳಿಸಿದ್ರೇನು?"

ಮದುವೆಯಾದರೆ ಇವನನ್ನೇ ಎಂದು ಆ ಕ್ಷಣವೇ ಗೊತ್ತಾಯಿತು. ಅವನ ಕಣ್ಣುಗಳ ಬಗ್ಗೆ, ನಗುವಾಗ ಒಂದೇ ಕೆನ್ನೆಯಲ್ಲಿ ಬೀಳುವ ಗುಳಿಯ ಬಗ್ಗೆ ಬರೆಯತೊಡಗಿದರೆ ಬಾವಿ ನಿಜಕ್ಕೂ ತುಂಬುತ್ತದೆ. ವಿಷಯಕ್ಕೆ ಬರುತ್ತೇನೆ.

ಬಯಲುಸೀಮೆಯ ಬೇಸಿಗೆಯಲ್ಲಿ ಈಗ ಹಗಲು ಹೊತ್ತು ಮೇಲೆ ಯಾರೂ ಇರುವುದಿಲ್ಲ. ಚಿನ್ನ ಮುಗಿದ ಹಳೆಯ ಗಣಿಗಳೊಳಗೆ ಊರುಗಳಾಗಿವೆ. ಅವಕ್ಕೆ ನೆರಳೂರು ಎಂದು ಹೆಸರು. ಮನೆ, ಶಾಲೆ, ಅಂಗಡಿ, ಮದುವೆ ಮಂಟಪ ಎಲ್ಲವೂ ಕಲ್ಲಿನ ಒಳಗೆ. ಚಳಿಗಾಲ ಬಂದರೆ ಎಲ್ಲರೂ ಮೇಲೆ ಹೋಗಿ ಜೋಳ ಬಿತ್ತುತ್ತಾರೆ, ಸೆಖೆ ಶುರುವಾದರೆ ಕೋಳಿ, ಕುರಿ, ಮಕ್ಕಳನ್ನು ಕರೆದುಕೊಂಡು ಇಳಿದುಬರುತ್ತಾರೆ. ಕೆಳಗೆ ತಂಪಿದೆ, ಗಾಳಿ ಇಲ್ಲ. ಗಾಳಿಯನ್ನು ತುಳಿದು ತರಬೇಕು. ಸೈಕಲ್ಲಿನಂಥ ಯಂತ್ರದ ಮೇಲೆ ಕೂತು ಪೆಡಲು ತುಳಿದರೆ ದೊಡ್ಡ ಫ್ಯಾನು ತಿರುಗಿ, ಮೇಲಿನ ಕೊಳವೆಯಿಂದ ಗಾಳಿ ಎಳೆದು ತರುತ್ತದೆ, ಇದೇ ತುಳಿಗಾಳಿ. ಪ್ರತಿ ಮನೆಯಲ್ಲೂ ಒಂದು ಪುಟ್ಟ ಯಂತ್ರವಿದೆ. ಅತ್ತೆ ಬೆಳಗಿನ ರೊಟ್ಟಿ ತಟ್ಟುವಾಗ ಮಾವ ತುಳಿಯುತ್ತಾರೆ, ಮಾವ ಊಟ ಮಾಡುವಾಗ ಅತ್ತೆ. ಹೊಸ ಜೋಡಿಗಳಿಗೆ ಅಕ್ಕಪಕ್ಕದವರು ಸರದಿಯಲ್ಲಿ ತುಳಿದುಕೊಡುವ ಪದ್ಧತಿಯೂ ಇದೆ. ಅದರ ಬಗ್ಗೆ ಹೆಂಗಸರು ಮಾಡುವ ತಮಾಷೆಗಳನ್ನು ನಿನ್ನ ಎದುರು ಹೇಳಲಾರೆ.

ಬ್ಯಾಸ್ಕೆಟ್‌ಬಾಲ್ ಇಲ್ಲಿಯ ದೊಡ್ಡ ಹುಚ್ಚು. ಹಳೆಯ ಗಣಿಯ ದೊಡ್ಡ ಪೊಳ್ಳೊಂದರಲ್ಲಿ ಕೋರ್ಟಿದೆ, ಸುತ್ತ ಕಲ್ಲಿನಲ್ಲೇ ಕೆತ್ತಿದ ಮೆಟ್ಟಿಲು. ಅಷ್ಟು ಜನ ಸೇರಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ನಿಯಮ ಹೀಗಿದೆ: ಆತಿಥೇಯ ತಂಡದಲ್ಲಿ ಯಾರು ಆಡುತ್ತಿಲ್ಲವೋ ಅವರು ಗಾಳಿ ತುಳಿಯಬೇಕು. ನಮ್ಮ ಬೆಂಚೇ ತುಳಿಯುವ ಯಂತ್ರ. ನೀನು ಟವೆಲ್ ಹೊದ್ದು ಸುಮ್ಮನೆ ಕೂತಿದ್ದೆಯಲ್ಲ, ಅಂಥ ಪುಣ್ಯ ಇಲ್ಲಿಯವರಿಗಿಲ್ಲ.

ಹುಲಿಗೇಶ ಈ ಬೆಂಚಿನ ರಾಜ. ಅವನಷ್ಟು ಸಮನಾಗಿ ತುಳಿಯುವವರು ಸುತ್ತಿನ ಯಾವ ನೆರಳೂರಿನಲ್ಲೂ ಇಲ್ಲ. ಅವನು ತುಳಿದರೆ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ದೆ ಹೋಗುತ್ತವೆ. ಆದರೆ ಅವನಿಗೆ ಬೇಕಾದದ್ದು ಆಟ. ಅವನ ಎಸೆತವನ್ನು ನೀನು ನೋಡಬೇಕಿತ್ತು. ಚೆಂಡು ಬೇರೆಯವರದ್ದಕ್ಕಿಂತ ಬಹಳ ಎತ್ತರಕ್ಕೆ, ಚಾವಣಿಯ ಕಲ್ಲು ಸವರುವಷ್ಟು ಮೇಲೆ ಹೋಗಿ, ಅಲ್ಲಿಂದ ನೇರ ಬುಟ್ಟಿಗೆ ಬೀಳುತ್ತದೆ. ಬೀಳುವ ದಿನ ಬೀಳುತ್ತದೆ. ಬೀಳದ ದಿನ ಎಷ್ಟು ಎಸೆದರೂ ಒಂದೂ ಬೀಳುವುದಿಲ್ಲ, ಜನ ನಗುತ್ತಾರೆ. ಕೋಚ್ ಆದೆಮ್ಮ ಹಿಂದೆ ದೊಡ್ಡ ಆಟಗಾರ್ತಿ, ಈಗ ಮಂಡಿ ಹಿಡಿದುಕೊಂಡೇ ನಡೆಯುತ್ತಾರೆ. ಅವರಿಗೆ ಇವನ ಮೇಲೆ ಪ್ರೀತಿ. ಆದರೂ ಎರಡು ಎಸೆತ ತಪ್ಪಿದರೆ ಎಡಗೈ ಎತ್ತುತ್ತಾರೆ. ಎಡಗೈ ಎತ್ತಿದರೆ ವಾಪಸ್ ಬಂದು ತುಳಿ ಎಂದರ್ಥ.

ಮದುವೆಯಾದ ವಾರದಲ್ಲೇ ಆದೆಮ್ಮ ಮನೆಗೆ ಬಂದು ಉಪಕಾರವೊಂದನ್ನು ಮುಂದಿಟ್ಟರು. ಜೂನ್ ಒಂದರಂದು ಹೊಸ ತಂಡದ ಹೆಸರು ಹೇಳುತ್ತಾರೆ. ಹುಲಿಗೇಶ ಆಟ ಬಿಟ್ಟು ಬರೀ ಗಾಳಿ ತುಳಿಯುವ ಕಾಯಂ ಗಾಳಿಗಾರನಾಗಲಿ, ಮೇಲಿನ ಅಂತಸ್ತಿನಲ್ಲಿ ಕೋಣೆ ಸಿಗುತ್ತದೆ ಎಂದರು. ಆ ಕೋಣೆಗೆ ಕಿಂಡಿ ಇದೆ, ಕಿಂಡಿಯಲ್ಲಿ ಆಕಾಶ ಕಾಣುತ್ತದೆ. ಅತ್ತೆಯ ಕಣ್ಣು ಅರಳಿತು. ಕಡಲಿನ ಮೇಲೆ ಬೆಳೆದ ನನಗೂ ಆಕಾಶದ ಆಸೆ ಇಲ್ಲವೆಂದು ಹೇಳಲಾರೆ.

"ನಿನ್ನ ಕೈಯಾಗ ಬಂಗಾರ ಐತಿ, ಇಲ್ಲಂತ ಯಾರಂದ್ರು? ಆದ್ರ ಯಾವತ್ತು ಸಿಗತೈತಿ, ಯಾವತ್ತು ಸಿಗಂಗಿಲ್ಲ ಅಂತ ನಿನಗಾ ಗೊತ್ತಿಲ್ಲ. ಹಂಗಿದ್ರ ತಂಡ ಹ್ಯಾಂಗ ಕಟ್ಟಲೋ ತಮ್ಮಾ?" ಎಂದರು ಆದೆಮ್ಮ ಹುಲಿಗೇಶನಿಗೆ.

ಆ ರಾತ್ರಿ ಅವನು ಊಟ ಬಿಟ್ಟ. ನಾನು ನನ್ನ ಪಾಲಿನ ಆಕಾಶವನ್ನು ಆಗಲೇ ಬಿಟ್ಟುಕೊಟ್ಟೆ.

ಮುಂದಿನ ಪಂದ್ಯಕ್ಕೆ ನಾನು ಮೊದಲ ಸಲ ಹೋದೆ. ಮದುಮಗಳೆಂದು ಮುಂದಿನ ಮೆಟ್ಟಿಲಿನಲ್ಲಿ ಕೂರಿಸಿದರು, ರೇಷ್ಮೆ ಸೀರೆ ಬೇರೆ. ಕಾರವಾರದಲ್ಲಿ ನಮ್ಮ ಊರು ತೇಲುವ ಹಲಗೆಗಳ ಮೇಲಿದೆ. ಬೆಳಿಗ್ಗೆ ಎದ್ದವರು ಮೊದಲು ಕೇಳುವುದು ಗಾಳಿ ಯಾವ ಕಡೆಯದು ಎಂದು. ಆ ಚಟ ನನ್ನನ್ನು ಬಿಟ್ಟಿಲ್ಲ. ಹುಲಿಗೇಶ ತುಳಿಯುವಷ್ಟು ಹೊತ್ತು ನನ್ನ ಸೆರಗು ಒಂದೇ ಸಮನೆ ಅಲುಗುತ್ತಿತ್ತು. ಅವನು ಕೋರ್ಟಿಗೆ ಇಳಿದಾಗ ಯಂತ್ರದ ಮೇಲೆ ತಂಡದ ಇನ್ನೊಬ್ಬ ಆಟಗಾರ ಸಾಬಣ್ಣ ಕೂತ. ಸಾಬಣ್ಣ ಬಂಗಾರದಂಥ ಮನುಷ್ಯ, ಆದರೆ ಬಾಯಿ ನಿಂತರೆ ಮಾತ್ರ ಕಾಲು ಓಡುತ್ತದೆ. ಪಕ್ಕದವನಿಗೆ ಏನೋ ಕಥೆ ಹೇಳುತ್ತ ನಿಧಾನವಾಗುತ್ತಿದ್ದ, ಜನ ಗದರಿದರೆ ಪ್ರಾಣ ಹೋಗುವಂತೆ ತುಳಿಯುತ್ತಿದ್ದ. ನನ್ನ ಸೆರಗು ಸತ್ತು ಬಿದ್ದಿತು, ಮತ್ತೆ ಹೆಗಲಿನಿಂದ ಎದ್ದು ಹಾರಿತು. ಚಾವಣಿಯ ಹತ್ತಿರ, ಗಾಳಿ ಒಳಬರುವ ಬಾಯಿಯ ಎದುರಿನಲ್ಲೇ, ನನ್ನ ಗಂಡನ ಚೆಂಡು ಹೋಗುತ್ತಿತ್ತು. ಬೇರೆಯವರ ಚೆಂಡುಗಳು ಅಷ್ಟು ಮೇಲೆ ಹೋಗುವುದೇ ಇಲ್ಲ, ಅವನ್ನು ಗಾಳಿ ತಳ್ಳುವುದು ಕಡಿಮೆ.

ಮನೆಗೆ ಬಂದು ಕೇಳಿದೆ. ಅವನು ಚೆನ್ನಾಗಿ ಆಡಿದ ದಿನಗಳೆಲ್ಲ ಸಾಬಣ್ಣ ಯಂತ್ರ ಹತ್ತದ ದಿನಗಳು. ಇದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನೆಲದ ಕೆಳಗೆ ಹುಟ್ಟಿದವರಿಗೆ ಗಾಳಿ ಎಂದರೆ ಇರುತ್ತದೆ ಅಥವಾ ಇರುವುದಿಲ್ಲ, ಅಷ್ಟೇ; ಅದಕ್ಕೊಂದು ದಿಕ್ಕಿದೆ, ಅದು ತಳ್ಳುತ್ತದೆ ಎಂಬ ಯೋಚನೆಯೇ ಅವರಿಗಿಲ್ಲ. ಇವನು ಚೆನ್ನಾಗಿ ತುಳಿದಷ್ಟೂ ಉಳಿದವರ ಎಸೆತ ಚೆನ್ನಾಗಿ ಕಾಣುತ್ತಿತ್ತು, ಅವರ ಎಸೆತ ಚೆನ್ನಾಗಿ ಕಂಡಷ್ಟೂ ಇವನು ಬೆಂಚಿನ ಮೇಲೇ ಉಳಿಯುತ್ತಿದ್ದ. ನಾನು ಕುಣಿದಾಡಿದೆ. ಅವನು ಮಾತ್ರ ಮುಖ ಕೆಳಗೆ ಹಾಕಿ, ಸೋತವನು ಗಾಳಿಯನ್ನು ಬೈದ ಎಂದು ಜನ ಆಡಿಕೊಳ್ಳುತ್ತಾರೆ, ಯಾರಿಗೂ ಹೇಳಬೇಡ ಎಂದ.

ನಾನು ಹೇಳಿದೆ. ಮರುದಿನವೇ ಆದೆಮ್ಮನ ಮನೆಗೆ ಹೋಗಿ, ಸೆರಗು ಹಿಡಿದು ತೋರಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತ ಹೇಳಿದರು.

"ಆತವಾ. ಸಾಬಣ್ಣನ್ನ ಇಳಿಸ್ತೀನಿ, ಛಲೋ ತುಳಿಯೋನ್ನ ಕೂಡಿಸ್ತೀನಿ. ಮುಂದ ಮಸ್ಕಿ ನೆರಳೂರಿಗೆ ಹೋದ್ರ ಅಲ್ಲಿ ತುಳಿಯೋರು ಅವ್ರ ಮಂದಿ. ಅಲ್ಲೂ ಹೋಗಿ ಗಾಳಿ ಸಮ ಮಾಡ್ತೀಯೇನು?"

ಆ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ಆಟಗಾರರ ಮನೆಯವರೂ ಯಂತ್ರ ತುಳಿಯಬಹುದೆಂದು ನಿಯಮದಲ್ಲಿದೆ, ನಾನೀಗ ಮನೆಯವಳು. ಆದರೆ ನಾನು ಸಮನಾಗಿ ತುಳಿಯಲು ಹೋಗಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಕೋರ್ಟಿನಲ್ಲಿ ಅವನು ಎಸೆಯುವಾಗ ಎಂಥ ಗಾಳಿಗೂ ಅವನ ಕೈ ಪಳಗಲಿ ಎಂದು ನಾನು ಸಾಧ್ಯವಾದಷ್ಟು ಕೆಟ್ಟದಾಗಿ ತುಳಿದೆ. ನಿಲ್ಲಿಸಿದೆ, ಓಡಿಸಿದೆ, ಹಾಡು ಹೇಳುತ್ತ ಅದರ ತಾಳಕ್ಕೆ ತುಳಿದೆ, ಅವನು ಕೈ ಎತ್ತಿದಾಗಲೇ ಬೇಕೆಂದೇ ಪೆಡಲು ಬಿಟ್ಟುಬಿಟ್ಟೆ. ನನ್ನ ಮದುವೆಯ ಅರಿಶಿನ ದಾರದ ಎಳೆ ಬಿಡಿಸಿ ಬುಟ್ಟಿಯ ಬಲೆಗೆ ಕಟ್ಟಿ, ಅದು ವಾಲುವುದನ್ನು ನೋಡಲು ಕಲಿಸಿದೆ. ಪಂದ್ಯದಲ್ಲಿ ದಾರ ಇರುವುದಿಲ್ಲವಾದ್ದರಿಂದ ಒದ್ದೆ ಕತ್ತಿನಿಂದ ಗಾಳಿ ಗುರುತಿಸುವುದನ್ನೂ ಕಲಿಸಿದೆ. ನಮ್ಮ ಮೀನುಗಾರರೆಲ್ಲ ಹಾಗೇ ಮಾಡುವುದು. ಮೊದಮೊದಲು ಒಂದು ಚೆಂಡೂ ಬೀಳಲಿಲ್ಲ. ಒಂದು ದಿನ ಅವನು ಚೆಂಡನ್ನು ನೆಲಕ್ಕೆ ಅಪ್ಪಳಿಸಿ, ಆ ಕಿಂಡಿ ಕೋಣೆಗೆ ಹೋಗಿಬಿಡೋಣ, ನೀನಾದರೂ ಆಕಾಶ ನೋಡಿಕೊಂಡಿರು ಎಂದ. ನಾನು ತುಳಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಹೋಗಿ ಚೆಂಡು ತಂದ. ಬೇರೆ ಜೋಡಿಗಳು ಮಧುಚಂದ್ರಕ್ಕೆ ಹಂಪಿಗೆ ಹೋಗುತ್ತಾರೆ. ನನ್ನದು ಈ ಯಂತ್ರದ ಮೇಲೆ ಕಳೆಯಿತು. ನನ್ನ ಮೀನಖಂಡ ಈಗ ಕಲ್ಲಿನಂತಿದೆ, ನನಗದರ ಮೇಲೆ ವಿಪರೀತ ಹೆಮ್ಮೆ.

ಮಸ್ಕಿ ಪಂದ್ಯ ನಿನ್ನೆ ಮುಗಿಯಿತು. ಮೂರನೇ ಭಾಗದಲ್ಲಿ ಆದೆಮ್ಮ ಅವನನ್ನು ಆಡಲು ಇಳಿಸಿದರು. ಮಸ್ಕಿಯವರು ತುಳಿಯುವುದು ನಮ್ಮ ಸಾಬಣ್ಣನಿಗಿಂತಲೂ ಒರಟು. ಮೊದಲ ಎಸೆತ ಹೊರಗೆ ಹೋಯಿತು. ಎರಡನೆಯದೂ ಹೋಯಿತು. ಆದೆಮ್ಮನ ಎಡಗೈ ತೊಡೆಯಿಂದ ಮೇಲೆದ್ದಿತು. ಹುಲಿಗೇಶ ಅವರ ಕಡೆ ನೋಡಲೇ ಇಲ್ಲ. ಮತ್ತೆ ಚೆಂಡು ಸಿಕ್ಕಾಗ ಕೈ ಎತ್ತಿ ಹಾಗೇ ನಿಂತ. ಎಲ್ಲರೂ ಒಗೆಯೋ ಒಗೆಯೋ ಎಂದು ಕೂಗುತ್ತಿದ್ದರು. ಗಾಳಿ ಇಳಿದದ್ದು ನನ್ನ ಕತ್ತಿಗೆ ಗೊತ್ತಾಯಿತು, ಅದೇ ಕ್ಷಣ ಅವನ ಕೈಯಿಂದ ಚೆಂಡು ಹೊರಟಿತು. ಬುಟ್ಟಿಗೆ ಬಿದ್ದ ಸದ್ದು ಕೂಡ ಆಗಲಿಲ್ಲ, ಬಲೆ ಮಾತ್ರ ನಡುಗಿತು. ಎಡಗೈ ಮತ್ತೆ ತೊಡೆಯ ಮೇಲೆ ಕೂತಿತು. ಆಮೇಲೆ ಕೆಲವು ಬಿದ್ದವು, ಕೆಲವು ಬೀಳಲಿಲ್ಲ. ನಾವು ಸ್ವಲ್ಪದರಲ್ಲೇ ಸೋತೆವು. ಆದರೆ ಕೊನೆಯವರೆಗೂ ಅವನನ್ನು ಯಾರೂ ವಾಪಸ್ ಕರೆಯಲಿಲ್ಲ. ತಂಡದ ಮಾತು ಮಾತ್ರ ಆದೆಮ್ಮ ಎತ್ತಲಿಲ್ಲ, ದಾರಿಯುದ್ದಕ್ಕೂ ಮಂಡಿ ನೋವಿನ ಬಗ್ಗೆಯೇ ಮಾತಾಡಿದರು.

ಇಷ್ಟು ಬರೆದು ಮಡಚಿ ಇಟ್ಟಿದ್ದೆ. ಈಗ ತಾರೀಕು ತಿದ್ದಬೇಕಾಗಿದೆ. ಇವತ್ತು ಜೂನ್ ಒಂದು.

ಮಧ್ಯಾಹ್ನ ಮೇಲಿನ ಕೊಳವೆಯಿಂದ ಮಣ್ಣಿನ ವಾಸನೆ ಬಂತು. ಇಡೀ ಊರು ಮೆಟ್ಟಿಲು ಹತ್ತಿ ಓಡಿತು. ಮಳೆಯಲ್ಲಿ ನೆನೆಯುತ್ತಲೇ ಆದೆಮ್ಮ ಹೆಸರುಗಳನ್ನು ಹೇಳಿದರು. ಮೊದಲ ಐವರಲ್ಲಿ ಹುಲಿಗೇಶನ ಹೆಸರು ಬರಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು. ಆರನೆಯದು ಅವನದೇ. ಗಾಳಿಗಾರನ ಕೋಣೆ ಬೇರೆಯವರಿಗೆ ಹೋಯಿತು. ಅಂದರೆ ಅವನು ಇನ್ನೂ ಬೆಂಚಿನ ಮೇಲೇ ಇದ್ದಾನೆ, ಅರ್ಧ ಹೊತ್ತು ತುಳಿಯುತ್ತಾನೆ, ಅರ್ಧ ಹೊತ್ತು ಆಡುತ್ತಾನೆ. ನಾಳೆ ಬೆಳಿಗ್ಗೆ ಮತ್ತೆ ಖಾಲಿ ಕೋರ್ಟಿಗೆ ಹೋಗುತ್ತೇವೆ. ನಾನು ಮಾತ್ರ ಕೆಟ್ಟದಾಗಿ ತುಳಿಯುವುದರಲ್ಲಿ ಇನ್ನಷ್ಟು ಪಳಗಬೇಕು.

ಬಾವಿಗೆ ಹೋಗುವ ಮೊದಲು ನಿನ್ನಲ್ಲಿ ಒಂದು ಕೋರಿಕೆ. ಸ್ವಲ್ಪ ಮುಂಚೆ ನಾವಿಬ್ಬರೂ ಒದ್ದೆ ತಲೆಯಲ್ಲೇ ನಿನ್ನ ಫೋಟೋ ನೋಡುತ್ತಿದ್ದೆವು. ಇಷ್ಟು ವರ್ಷ ನಮ್ಮ ಮನೆಯವರೆಲ್ಲ ನಿನ್ನ ಮುಖವನ್ನಷ್ಟೇ ನೋಡಿದ್ದಾರೆ. ಹುಲಿಗೇಶ ನಿನ್ನ ಟವೆಲ್ಲಿನ ಅಂಚಿನ ಮೇಲೆ ಬೆರಳಿಟ್ಟ. ಅದು ಎಡಕ್ಕೆ ಹಾರಿದೆ. ನಿನ್ನ ಹಿಂದಿನ ಬುಟ್ಟಿಯ ಬಲೆಯೂ ಎಡಕ್ಕೇ ವಾಲಿದೆ. ನಿನ್ನ ಕೋರ್ಟಿನಲ್ಲಿ ಗಾಳಿ ಬೀಸುತ್ತಿದೆ, ಸಂಯುಕ್ತಾ. ಆಮೇಲೆ ನಿನ್ನನ್ನು ಇಳಿಸಿದರೋ ಇಲ್ಲವೋ, ನಮಗೆ ಇವತ್ತಿಗೂ ಗೊತ್ತಿಲ್ಲ. ನೀನು ಮಾತ್ರ ಎದ್ದು ಮನೆಗೆ ಹೋಗಬೇಡ, ಅಲ್ಲೇ ಕೂತಿರು. ಅವರು ಕರೆದಾಗ ಟವೆಲ್ ತೆಗೆದಿಟ್ಟು ಎದ್ದೇಳು. ಬುಟ್ಟಿಯ ಕಡೆ ಮುಖ ಮಾಡಿ ನಿಂತರೆ ಗಾಳಿ ನಿನ್ನ ಬಲದಿಂದ ಬರುತ್ತದೆ. ಚೆಂಡನ್ನು ಒಂದಿಷ್ಟು ಬಲಕ್ಕೆ ಹಾಕು.

ನಿನ್ನ,
ಮೈನಾ ತಾಂಡೇಲ
(ಪಕ್ಕದಲ್ಲೇ ಕೂತು, ಒಂದಿಷ್ಟು ಅಲ್ಲ, ಒಂದು ಗೇಣು ಬಲಕ್ಕೆ ಅಂತ ಬರಿ ಎನ್ನುತ್ತಿದ್ದಾನೆ ನನ್ನ ಗಂಡ.)